ಒಂದಡಿ ಹಿಂದೆ ಸರಿದರೆ

ಹೇರ್ ಡ್ರೈಯರ್‌ಗೆ 3 ಸೆಂಟಿಮೀಟರ್ ಹತ್ತಿರ ಮೀಟರ್ ಹಿಡಿದರೆ ಕಾಂತಕ್ಷೇತ್ರ ಕೆಲವು ಮಾದರಿಗಳಲ್ಲಿ 2,000 ಮೈಕ್ರೊಟೆಸ್ಲಾ ಮುಟ್ಟುತ್ತದೆ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕ್ಷೇತ್ರ ಬೆಂಗಳೂರಿನಲ್ಲಿ ಸುಮಾರು 40 ಮಾತ್ರ. ಭೂಮಿಗಿಂತ 50 ಪಟ್ಟು! ಅದೂ ಭೂಮಿಯದರಂತೆ ಒಂದೇ ಕಡೆ ಮುಖ ಮಾಡಿ ನಿಂತದ್ದಲ್ಲ. ನಮ್ಮ ಕರೆಂಟು 50 ಹರ್ಟ್ಸ್‌ನದು. ಕ್ಷೇತ್ರ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಹಗಲಿರುಳು ಓಡುವ ಫ್ಯಾನಿನ ಬಳಿ ಅದು ದಿನಕ್ಕೆ 86 ಲಕ್ಷ 40 ಸಾವಿರ ಸಲ.

ಇನ್ನು ಒಂದಡಿ ಹಿಂದೆ ಸರಿಯಿರಿ. ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಪಟ್ಟಿಯಲ್ಲಿ ಡ್ರೈಯರ್‌ನ ಗರಿಷ್ಠ ಅಂಕಿ 30 ಸೆಂಟಿಮೀಟರಿಗೆ 7ಕ್ಕೆ ಕುಸಿಯುತ್ತದೆ, ಒಂದು ಮೀಟರಿಗೆ 0.03ಕ್ಕೆ. ಪುಟ್ಟ ಮೋಟಾರಿನ ಕ್ಷೇತ್ರ ದೂರ ಇಮ್ಮಡಿಯಾದಾಗ ಹೆಚ್ಚುಕಡಿಮೆ ಎಂಟನೇ ಒಂದಾಗುತ್ತದೆ, ಅದರ ಫಲವಿದು. ಗಾತ್ರ ನೋಡಿ ಬಲ ಊಹಿಸುವಂತೆಯೂ ಇಲ್ಲ: ಆಳೆತ್ತರದ ಫ್ರಿಜ್‌ಗೆ ಅಂಟಿಕೊಂಡಂತೆ ಅಳೆದರೂ 1.7 ದಾಟುವುದು ಅಪರೂಪ, ಮುಷ್ಟಿಯಲ್ಲಿ ಅಡಗುವ ಶೇವರ್ 1,500ರ ತನಕ ಏರಬಲ್ಲದು.

ಅಳೆಯುವುದಕ್ಕೆ ಬೇಕಾದದ್ದು ತಾಮ್ರದ ತಂತಿಯ ಸುರುಳಿ. ಬದಲಾಗುವ ಕ್ಷೇತ್ರ ತಂತಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆಂದು ಫ್ಯಾರಡೆ 1831ರಲ್ಲಿ ತೋರಿಸಿದ್ದ. ಹತ್ತು ಸೆಂಟಿಮೀಟರ್ ಚೌಕದ ಮೇಲೆ 1,000 ಸುತ್ತು ಸುತ್ತಿದರೆ, ಒಂದು ಮೈಕ್ರೊಟೆಸ್ಲಾಗೆ ಸುಮಾರು 3 ಮಿಲಿವೋಲ್ಟ್ ಸಿಗುತ್ತದೆ. ಸುರುಳಿ ಓರೆಯಾದರೆ ಅಂಕಿ ಇಳಿಯುತ್ತದೆ. ಒಳ್ಳೆಯ ಮೀಟರಿನಲ್ಲಿ ಒಂದಕ್ಕೊಂದು ಲಂಬವಾಗಿ ಮೂರು ಸುರುಳಿಗಳಿರುವುದು ಅದಕ್ಕೇ.

ಭಯಕ್ಕೆ ಕಾರಣವಿದೆಯೇ? ಸಾರ್ವಜನಿಕರಿಗೆ 50 ಹರ್ಟ್ಸ್‌ನಲ್ಲಿ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಿತಿ 200 ಮೈಕ್ರೊಟೆಸ್ಲಾ. ಡ್ರೈಯರ್ ಅದನ್ನು ಮೀರುವುದು ಅಂಗೈಯಷ್ಟು ಜಾಗದಲ್ಲಿ, ಕೆಲವೇ ನಿಮಿಷ. ನನ್ನ ಪ್ರಕಾರ ಹೆಚ್ಚು ಗಮನ ಬೇಕಾದದ್ದು ದಿನವಿಡೀ ಮೈಗೆ ತಾಗುವ ಸರಾಸರಿಗೆ: 0.3-0.4 ಮೀರಿದ ಮನೆಗಳಲ್ಲಿ ಮಕ್ಕಳ ರಕ್ತದ ಕ್ಯಾನ್ಸರ್ ತುಸು ಹೆಚ್ಚು ಕಂಡಿದ್ದರಿಂದಲೇ 2002ರಲ್ಲಿ ಇಂಥ ಕ್ಷೇತ್ರವನ್ನು 'ಕ್ಯಾನ್ಸರ್‌ಕಾರಕವಾಗಿರಬಹುದು' ಎಂಬ ಗುಂಪಿಗೆ ಸೇರಿಸಲಾಯಿತು. ಕ್ಷೇತ್ರವೇ ಕಾರಣವೆಂದು ಮಾತ್ರ ಸಾಬೀತಾಗಿಲ್ಲ.

ನಮ್ಮ ದೇಹಕ್ಕೂ ಕಾಂತಕ್ಷೇತ್ರವಿದೆ. ಹೃದಯದ್ದು ಸುಮಾರು 50 ಪಿಕೊಟೆಸ್ಲಾ, ಅಂದರೆ ಆ ಡ್ರೈಯರ್‌ನ ನಾಲ್ಕು ಕೋಟಿಯಲ್ಲೊಂದು ಪಾಲು. ಅಮೆರಿಕದ ಬೌಲೆ ಮತ್ತು ಮೆಕ್‌ಫೀ 1963ರಲ್ಲಿ ಅದನ್ನು ಹಿಡಿದದ್ದು 20 ಲಕ್ಷ ಸುತ್ತಿನ ಸುರುಳಿಗಳಿಂದ, ವಿದ್ಯುತ್ ಗದ್ದಲದಿಂದ ದೂರ, ಬಯಲಿಗೆ ಹೋಗಿ. ಮಿದುಳಿನದು ಒಂದು ಪಿಕೊಟೆಸ್ಲಾಗಿಂತಲೂ ಕಡಿಮೆ. ಮನೆಯ ವೈರಿಂಗಿನಿಂದ ಸದಾ ಸೂಸುವ 0.05 ಮೈಕ್ರೊಟೆಸ್ಲಾ ಕೂಡ ಅದರ 50,000 ಪಟ್ಟಿಗೂ ಹೆಚ್ಚು. ಹಾಗಾಗಿ ಎಂಐಟಿಯ ಡೇವಿಡ್ ಕೊಹೆನ್ ಮಿದುಳನ್ನು ಅಳೆಯಲು ಲೋಹದ ಪದರಗಳ ಕೋಣೆಯನ್ನೇ ಕಟ್ಟಿಸಬೇಕಾಯಿತು.