ಮೈಸೂರು ಸಂಸ್ಥಾನದಲ್ಲಿ ಸ್ವಾತಂತ್ರ್ಯ ಸಮರ

ಭಾರತೀಯರ ಸ್ವಾತಂತ್ರ್ಯ ಸಮರವನ್ನು ಬೋಧಿಸುವಾಗ ಪರಕೀಯ ಪ್ರಭುತ್ವವೊಂದೇ ಎದುರಾಳಿಯೆಂಬಂತೆ ನಿರೂಪಿಸುವುದು ರೂಢಿ. ಬ್ರಿಟಿಷ್ ಪ್ರಾಂತಗಳ ಮಟ್ಟಿಗೆ ಇದು ಸರಿಯೇ. ಆದರೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ನಮ್ಮ ಪಟ್ಟಂದೂರು ಅಗ್ರಹಾರದಂಥ ಊರುಗಳ ಮಕ್ಕಳು, ‘ಅರಸರು ನಮ್ಮವರೇ ಆಗಿದ್ದರಲ್ಲ, ಹೋರಾಟ ಯಾರ ಮೇಲೆ?’ ಎಂದು ಕೇಳಿದರೆ ಉಪಾಧ್ಯಾಯರ ಉತ್ತರ ಬೇರೆಯೇ ಆಗಬೇಕಾಗುತ್ತದೆ.

1831ರಲ್ಲಿ ಸಂಸ್ಥಾನದ ಆಡಳಿತವನ್ನು ಕೈಗೆ ತೆಗೆದುಕೊಂಡ ಆಂಗ್ಲರು 1881ರಲ್ಲಿ ಅದನ್ನು ಒಡೆಯರ ವಂಶಕ್ಕೆ ಮರಳಿಸಿದರು. ಮರಳಿ ಬಂದದ್ದು ಸಿಂಹಾಸನ, ಸಾರ್ವಭೌಮತ್ವವಲ್ಲ. ಸಂಸ್ಥಾನವು ಆಂಗ್ಲರಿಗೆ ಪೊಗದಿ ಸಲ್ಲಿಸಬೇಕಾಗಿತ್ತು. ಬೆಂಗಳೂರಿನ ದಂಡು ಪ್ರದೇಶವು 1947ರವರೆಗೂ ರೆಸಿಡೆಂಟರ ಅಧೀನದಲ್ಲಿಯೇ ಉಳಿಯಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಅದೇ 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಸ್ಥಾಪಿತವಾದದ್ದು ಪ್ರಶಂಸಾರ್ಹವೇ ಸರಿ. ಆದರೆ ಆ ಸಭೆಯು ಬಿನ್ನವಿಸಿಕೊಳ್ಳಬಹುದಾಗಿತ್ತೇ ಹೊರತು ದಿವಾನರನ್ನು ಪದಚ್ಯುತಗೊಳಿಸುವ ಅಧಿಕಾರ ಅದಕ್ಕಿರಲಿಲ್ಲ. ದಿವಾನರು ಹೊಣೆಯಾಗಿದ್ದುದು ಅರಸರಿಗೆ, ಪ್ರಜೆಗಳಿಗಲ್ಲ. ಮಂತ್ರಿಮಂಡಲವು ಚುನಾಯಿತ ಸಭೆಗೆ ಹೊಣೆಯಾಗಬೇಕೆಂಬುದೇ ‘ಜವಾಬ್ದಾರಿ ಸರ್ಕಾರ’ದ ಬೇಡಿಕೆ.

1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ಮೈಸೂರು ಕಾಂಗ್ರೆಸ್ಸಿಗರು ನಿಷೇಧಾಜ್ಞೆಯನ್ನು ಮೀರಿ ಧ್ವಜಸತ್ಯಾಗ್ರಹ ನಡೆಸಿದರು. ಅದೇ ತಿಂಗಳ 25ರಂದು ಗೌರಿಬಿದನೂರು ಸಮೀಪದ ವಿದುರಾಶ್ವತ್ಥದಲ್ಲಿ ನೆರೆದ ಜನಸ್ತೋಮದ ಮೇಲೆ ಗುಂಡಿನ ಮಳೆ ಸುರಿಯಿತು. ಸರ್ಕಾರದ ಲೆಕ್ಕದಲ್ಲಿ ಮಡಿದವರು 10 ಮಂದಿ. ಜನರ ಲೆಕ್ಕದಲ್ಲಿ 32. ಗುಂಡು ಹಾರಿಸಿದವರು ಆಂಗ್ಲ ಸೈನಿಕರಲ್ಲ, ಸಂಸ್ಥಾನದ ಪೊಲೀಸರು ಎಂಬ ಸತ್ಯವನ್ನು ಮರೆಮಾಚಬಾರದು. ಬಳಿಕ ಸರದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತನಾಡಿದ ಫಲವಾಗಿ, ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅನುಮತಿ ದೊರೆಯಿತು. ಧ್ವಜವೇನೋ ಏರಿತು, ಅಧಿಕಾರ ಮಾತ್ರ ಪ್ರಜೆಗಳ ಕೈಗೆ ಬರಲಿಲ್ಲ.

ಆದುದರಿಂದಲೇ 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ಮೈಸೂರಿನ ಪ್ರಜೆಗಳ ಸಮರ ಮುಗಿಯಲಿಲ್ಲ. ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ವಿದ್ಯಾರ್ಥಿಗಳು, ಕಾರ್ಮಿಕರು, ರೈತರು ಬೀದಿಗಿಳಿದರು; ಸೆರೆಮನೆಗಳು ತುಂಬಿದವು. ಅಕ್ಟೋಬರಿನಲ್ಲಿ ಮಹಾರಾಜ ಜಯಚಾಮರಾಜ ಒಡೆಯರು ಬೇಡಿಕೆಗೆ ಸಮ್ಮತಿಸಿದರು. ಆ ತಿಂಗಳು ಮುಗಿಯುವುದರೊಳಗೆ ಕೋಲಾರ ಸೀಮೆಯ ಕೆ. ಸಿ. ರೆಡ್ಡಿಯವರು ಪ್ರಥಮ ಮುಖ್ಯಮಂತ್ರಿಗಳಾದರು. 

ಈ ಇತಿಹಾಸವನ್ನು ಹೇಳುವುದರಿಂದ, ವಿದ್ಯೆ, ನೀರಾವರಿ, ಕೈಗಾರಿಕೆಗಳನ್ನು ಪೋಷಿಸಿದ ಅರಸರ ಕೀರ್ತಿಗೆ ಕುಂದೇನೂ ಬಾರದು. ಒಳ್ಳೆಯ ಅರಸು ಪ್ರಜೆಗಳಿಗೆ ದೊರೆಯುವುದು ಭಾಗ್ಯ. ಆಳುವವರನ್ನು ಪ್ರಶ್ನಿಸುವುದು ಹಕ್ಕು. ಭಾಗ್ಯವು ತಲೆಮಾರಿನೊಡನೆ ಅಳಿಯಬಹುದು, ಹಕ್ಕನ್ನು ಪ್ರಜೆಗಳೇ ಉಳಿಸಿಕೊಳ್ಳಬೇಕು. ವಿದುರಾಶ್ವತ್ಥವು ನಮಗೆ ದೂರವಲ್ಲ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯಲು ಉಪಾಧ್ಯಾಯರೂ ದಾನಿಗಳೂ ಮನಸ್ಸು ಮಾಡಿದರೆ, ಈ ಭೇದವು ಅವರಿಗೆ ಪಠ್ಯಪುಸ್ತಕಕ್ಕಿಂತ ಸ್ಪಷ್ಟವಾಗಿ ತಿಳಿದೀತು.