ನೆಲವೂ ಡೊಂಕಿರಬಹುದು!

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯ ಪೆಟ್ಟು ತಿನ್ನದೆ ಬೆಳೆದವರು ನಮ್ಮಲ್ಲಿ ವಿರಳ. ಆದರೆ ಒಮ್ಮೊಮ್ಮೆ ನೆಲ ನಿಜವಾಗಿಯೇ ಡೊಂಕಾಗಿರುವುದೂ ಉಂಟು. ಎಷ್ಟು ಡೊಂಕು ಎಂಬುದನ್ನು ಕ್ರಿಕೆಟ್ಟಿನ ಲೆಕ್ಕದಿಂದ ಅಳೆಯಲೂಬಹುದು. ಮಳೆಗಾಲದ ಭಾನುವಾರ ಮನೆಯಲ್ಲಿ ಕುಳಿತು ಬೇಸತ್ತ ಮಕ್ಕಳಿಗೆ ಅದೇ ಲೆಕ್ಕದಿಂದ ಒಂದು ದಾಳದ ಆಟವೂ ದೊರೆಯುತ್ತದೆ.

ಅಮೆರಿಕದಲ್ಲಿ ಇಂಥ ಆಟಗಳು ಬಹುಕಾಲದಿಂದ ಬಳಕೆಯಲ್ಲಿವೆ. ಅಲ್ಲಿಯವರ ಮೆಚ್ಚಿನ ಬೇಸ್‌ಬಾಲನ್ನು ಮೇಜಿನ ಮೇಲೆ ಆಡಲೆಂದು ಹಾಲ್ ರಿಚ್‌ಮನ್ ಎಂಬವರು 1961ರಲ್ಲಿ ಸ್ಟ್ರಾಟ್-ಓ-ಮ್ಯಾಟಿಕ್ ಎಂಬ ಆಟವನ್ನು ಮಾರಾಟಕ್ಕೆ ತಂದರು. ಪ್ರತಿ ಆಟಗಾರನಿಗೊಂದು ಕಾರ್ಡು. ದಾಳ ಬಿದ್ದಂತೆ ಕಾರ್ಡು ನೋಡಿ ಫಲ ತಿಳಿಯಬೇಕು. ಆದರೆ ಬೇಸ್‌ಬಾಲ್ ಮೈದಾನಗಳಲ್ಲಿ ಬೇಲಿಯ ದೂರ ಊರಿಗೊಂದು ತೆರ. ಡೆನ್ವರ್ ನಗರವಂತೂ ಸಮುದ್ರಮಟ್ಟದಿಂದ ಒಂದು ಮೈಲು ಎತ್ತರದಲ್ಲಿದೆ. ತೆಳುವಾದ ಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹಾರುತ್ತದೆ. ಆದುದರಿಂದ ಮುಂದೆ ಆ ಆಟದಲ್ಲಿ ಮೈದಾನಕ್ಕೂ ಒಂದು ಅಂಕೆ ಬಂದಿತು. ಕೆಲವು ಹೊಡೆತಗಳಿಗೆ ಇಪ್ಪತ್ತು ಮುಖದ ಇನ್ನೊಂದು ದಾಳ ಎಸೆಯಬೇಕು. ಮೈದಾನದ ಅಂಕೆಯೊಳಗೆ ಬಿದ್ದರೆ ಚೆಂಡು ಬೇಲಿ ದಾಟಿತೆಂದು ಲೆಕ್ಕ.

ಈ ಅಂಕೆಯನ್ನು ಕಂಡುಹಿಡಿಯುವುದು ಹೇಗೆ? ನಮ್ಮ ಕ್ರಿಕೆಟ್ಟಿನಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳೋಣ.

1975ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ತಂಡ ಭಾರತದ ಪ್ರವಾಸದಲ್ಲಿತ್ತು. ಮದರಾಸಿನ ಚೆಪಾಕದಲ್ಲಿ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ಟು ಕಿತ್ತರು. ಭಾರತ 190ಕ್ಕೆ ಮುಗಿಯಿತು. ಅದರಲ್ಲಿ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥರದು ಔಟಾಗದೆ 97. ಅದೇ ತಿಂಗಳ 23ರಂದು ನಮ್ಮ ಮುಂಬಯಿಯ ವಾಂಖೆಡೆಯಲ್ಲಿ ಮೊತ್ತಮೊದಲ ಟೆಸ್ಟ್ ಶುರುವಾಯಿತು. ಅಲ್ಲಿ ಕ್ಲೈವ್ ಲಾಯ್ಡ್ ಔಟಾಗದೆ 242 ಬಾರಿಸಿದರು. ಭಾರತದ 406ರಲ್ಲಿ ವಿಶ್ವನಾಥರದು 95. ದಾಖಲೆ ಪುಸ್ತಕದಲ್ಲಿ 97, 95 ಅಕ್ಕಪಕ್ಕದ ಅಂಕೆಗಳು. ಆದರೆ ಎರಡೂ ಒಂದೇ ಏನು?

ಲೆಕ್ಕ ಹಾಕೋಣ. ಮದರಾಸಿನಲ್ಲಿ ನಾಲ್ಕು ಇನ್ನಿಂಗ್ಸ್ ಸೇರಿ 792 ರನ್ನು, 40 ವಿಕೆಟ್ಟು. ಅಂದರೆ ವಿಕೆಟ್ಟಿಗೆ 19.8. ಮುಂಬಯಿಯಲ್ಲಿ 1417 ರನ್ನು, 29 ವಿಕೆಟ್ಟು; ವಿಕೆಟ್ಟಿಗೆ 48.9. ತಂಡಗಳು ಅವೇ, ತಿಂಗಳೂ ಅದೇ. ಆಟಗಾರರಲ್ಲಿ ಅಲ್ಪಸ್ವಲ್ಪ ಬದಲಾವಣೆ ಮಾತ್ರ. ಎರಡನ್ನೂ ಕೂಡಿಸಿದರೆ ವಿಕೆಟ್ಟಿಗೆ 32. ಅದನ್ನು ಒಂದು ಎಂದಿಟ್ಟುಕೊಂಡರೆ ಚೆಪಾಕ 0.62, ವಾಂಖೆಡೆ 1.53.

ಇಷ್ಟಕ್ಕೇ ಹಿಗ್ಗಬಾರದು. ಒಂದೇ ಪಂದ್ಯದ ಅಂಕೆಯಲ್ಲಿ ಮೈದಾನದ ಗುಣದೊಡನೆ ಆ ದಿನದ ಪಿಚ್ಚು, ಬೌಲರನ ಲಹರಿ, ಕೈಬಿಟ್ಟ ಕ್ಯಾಚು, ಅದೃಷ್ಟ ಎಲ್ಲವೂ ಬೆರೆತಿರುತ್ತವೆ. ಪಂದ್ಯಗಳು ಹೆಚ್ಚಿದಷ್ಟೂ ನಂಬಿಕೆ ಹೆಚ್ಚು. ಒಂದೇ ಇದ್ದಾಗ ಅರ್ಧ ನಂಬುವುದು ಜಾಣತನ. ಹೀಗೆ ಒಂದರ ಕಡೆಗೆ ಅರ್ಧ ದೂರ ಎಳೆದರೆ ಚೆಪಾಕ 0.81, ವಾಂಖೆಡೆ ಸುಮಾರು 1.26. ಈಗ ಭಾಗಿಸಿ ನೋಡಿ: ಮದರಾಸಿನ 97ರ ತೂಕ 120, ಮುಂಬಯಿಯ 95ರ ತೂಕ 75. ಶತಕವಾಗದ ಆ 97ನ್ನು ಹಿರಿಯರು ಇಂದಿಗೂ ಏಕೆ ಕೊಂಡಾಡುತ್ತಾರೆಂಬುದು ಈಗ ತಿಳಿಯಿತಲ್ಲವೇ?

ಇನ್ನು ಆಟ. ಎರಡು ದಾಳ ಎಸೆಯಿರಿ. ಮೊತ್ತ 11 ಅಥವಾ 12 ಬಂದರೆ ಅದು ಎತ್ತರದ ಹೊಡೆತ. 36 ಬಗೆಗಳಲ್ಲಿ ಇದು 3; ಇಪ್ಪತ್ತು ಓವರಿನ 120 ಚೆಂಡಿಗೆ ಸರಾಸರಿ ಹತ್ತು ಸಲ. ಆಗ ಮೂರನೆಯ ದಾಳ ಎಸೆಯಬೇಕು. ಸಾಧಾರಣ ಮೈದಾನದಲ್ಲಿ 1ರಿಂದ 4 ಬಿದ್ದರೆ ಸಿಕ್ಸರು, ಇಲ್ಲವಾದರೆ ಕ್ಯಾಚು. 1975ರ ವಾಂಖೆಡೆಯಲ್ಲಿ 1ರಿಂದ 5, ಚೆಪಾಕದಲ್ಲಿ 1ರಿಂದ 3. ಹತ್ತು ಹೊಡೆತಗಳಲ್ಲಿ ಒಂದು ಕಡೆ ಎಂಟು ಸಿಕ್ಸರು, ಇನ್ನೊಂದು ಕಡೆ ಐದೇ! ಉಳಿದ ಮೊತ್ತಗಳಿಗೆ ಒಂದು ರನ್ನು, ಎರಡು, ಬೌಂಡರಿ, ಔಟು ಎಂದು ಮನೆಮಂದಿ ಕುಳಿತು ಗೊತ್ತುಮಾಡಿಕೊಳ್ಳಿ. ಅವು ಎಲ್ಲ ಮೈದಾನಗಳಿಗೂ ಒಂದೇ ಇರಲಿ. ಇಂದಿನ ವಾಂಖೆಡೆಗೆ ಮಾತ್ರ ಈ ಹಳೆಯ ಅಂಕೆ ಹಚ್ಚಬೇಡಿ. 2011ರ ವಿಶ್ವಕಪ್ಪಿನ ಮುಂಚೆ ಅದನ್ನು ಹೊಸದಾಗಿ ಕಟ್ಟಿದ್ದಾರೆ.

ಇದು ಬರೀ ಮಕ್ಕಳಾಟವಲ್ಲ. ನಮ್ಮ ಮುಂಬಯಿಯಲ್ಲಿ 1948ರಿಂದ ಬಂದ ಕಾಂಗಾ ಲೀಗ್ ಮಳೆಗಾಲದ ಪಂದ್ಯಾವಳಿ. ಆಜಾದ್ ಮೈದಾನದ ಒದ್ದೆ ಪಿಚ್ಚಿನಲ್ಲಿ ಚೆಂಡು ಹೇಗೆ ತಿರುಗೀತೆಂದು ಹೇಳಲಾಗದು. ಎತ್ತರ ಬೆಳೆದ ಹುಲ್ಲಿನಲ್ಲಿ ಒಳ್ಳೆಯ ಹೊಡೆತವೂ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಅಂಥಲ್ಲಿ ಆಡಿದ ಮಗ ಕೆಸರು ಮೆತ್ತಿದ ಬಟ್ಟೆಯಲ್ಲಿ ಲೋಕಲಿನಿಂದ ಇಳಿದು ಬಂದು ‘ಇಪ್ಪತ್ತೈದು ಹೊಡೆದೆ’ ಎಂದರೆ, ‘ಅಷ್ಟೇನಾ?’ ಎನ್ನುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ: ಆ ಪಂದ್ಯದಲ್ಲಿ ವಿಕೆಟ್ಟಿಗೆ ಎಷ್ಟು ರನ್ನು ಬಿತ್ತು? ಹನ್ನೆರಡು ಎಂದರೆ ಅವನು ಎರಡು ಪಾಲು ದುಡಿದು ಬಂದಿದ್ದಾನೆ; ಬೆನ್ನು ತಟ್ಟಿ ಬಿಸಿ ಕಾಫಿ ಕೊಡಿ. ಐವತ್ತು ಎಂದನೋ, ಆಗ ನಮ್ಮ ಹಳೆಯ ಗಾದೆ ಇದ್ದೇ ಇದೆ!