ದಾಯವಾಗಿ ಬಂದ ಬೋಗಿಗಳು

ತಂದೆಯ ಕಾಲದ ಮನೆ ಮಗನ ಪಾಲಿಗೆ ಬಂದಾಗ ಗೋಡೆ ಮಾಳಿಗೆಗಳ ಜೊತೆಗೆ ಸೋರುವ ಹೆಂಚೂ ಗೆದ್ದಲು ಹಿಡಿದ ತೊಲೆಯೂ ಬರುತ್ತವೆ. ಇದು ಲೋಕದಲ್ಲಿ ಸಾಮಾನ್ಯವಾದ ಸಂಗತಿ. ಆದರೆ ಇಪ್ಪತ್ತು ಮನೆಗಳ ಹಳೆಯ ಸಾಮಾನೆಲ್ಲ ಒಬ್ಬನೇ ವಾರಸುದಾರನ ಅಂಗಳಕ್ಕೆ ಬಂದು ಬಿದ್ದರೆ ಅವನ ಪಾಡೇನು? 1971ನೆಯ ಇಸವಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂಥ ಪ್ರಸಂಗವೊಂದು ನಡೆಯಿತು. ಆ ವಾರಸುದಾರನ ಹೆಸರು ಆಮ್‌ಟ್ರ್ಯಾಕ್. ಆ ದೇಶದ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆ. ಅದಕ್ಕೆ ಬಂದ ಆಸ್ತಿ ಹಳೆಯ ರೈಲುಬೋಗಿಗಳು. ಅವುಗಳಲ್ಲಿ ಯಾವುವು ಉಳಿದವು, ಯಾವುವು ಅಳಿದವು, ಅದಕ್ಕೆ ಕಾರಣವೇನು ಎಂದು ವಿಚಾರಿಸಹೊರಟರೆ ಉಗಿ, ವಿದ್ಯುತ್ತು, ಲೋಹ ಇವುಗಳ ಗುಣಧರ್ಮಗಳೇ ನಮ್ಮೆದುರು ಬಂದು ನಿಲ್ಲುತ್ತವೆ.

ಅಮೆರಿಕದಲ್ಲಿ ರೈಲುಮಾರ್ಗಗಳು ಬಹುಮಟ್ಟಿಗೆ ಖಾಸಗಿ ಕಂಪೆನಿಗಳ ಸ್ವತ್ತು. ಎರಡನೆಯ ಮಹಾಯುದ್ಧ ಮುಗಿದೊಡನೆ ಈ ಕಂಪೆನಿಗಳು ಬಹಳ ಉತ್ಸಾಹದಿಂದ ಹೊಸ ಬೋಗಿಗಳನ್ನು ಕಟ್ಟಿಸಿದವು. ಆದರೆ ಜನ ಹೆದ್ದಾರಿಯ ಮೋಟಾರಿಗೂ ಜೆಟ್ ವಿಮಾನಕ್ಕೂ ಒಲಿದರು. 1967ರಲ್ಲಿ ಅಂಚೆ ಇಲಾಖೆಯು ರೈಲುಗಳಲ್ಲಿ ಸಾಗಿಸುತ್ತಿದ್ದ ಟಪಾಲಿನ ಬಹುಭಾಗವನ್ನು ಹಿಂತೆಗೆದುಕೊಂಡಿತು. ಅದರೊಂದಿಗೆ ಇದ್ದ ಅಷ್ಟಿಷ್ಟು ವರಮಾನವೂ ಹೋಯಿತು. 1970ರ ಅಕ್ಟೋಬರ್ 30ರಂದು ಅಧ್ಯಕ್ಷ ನಿಕ್ಸನ್ನರು ಸಹಿ ಮಾಡಿದ ಕಾಯಿದೆಯೊಂದರ ಪ್ರಕಾರ ಇಪ್ಪತ್ತು ಕಂಪೆನಿಗಳು ತಮ್ಮ ಪ್ರಯಾಣಿಕ ರೈಲುಗಳ ಹೊಣೆಯನ್ನು 1971ರ ಮೇ 1ರಿಂದ ಹೊಸ ಸಂಸ್ಥೆಗೆ ಒಪ್ಪಿಸಿ ಕೈತೊಳೆದುಕೊಂಡವು. ಸುಮಾರು 3,000 ಬೋಗಿಗಳಲ್ಲಿ ಮೇಲಾದುವೆಂದು ತೋರಿದ ಸುಮಾರು 1,200ನ್ನು ಆಮ್‌ಟ್ರ್ಯಾಕ್ ಆರಿಸಿಕೊಂಡಿತು. ಕೆಲವು ವರ್ಷಗಳ ಕಾಲ ಒಂದೇ ರೈಲಿನಲ್ಲಿ ಹಳದಿ, ಹಸಿರು, ಕಿತ್ತಳೆ, ಬೆಳ್ಳಿಬಣ್ಣಗಳ ಬೋಗಿಗಳು ಒಂದರ ಹಿಂದೆ ಒಂದು ಓಡಿದವು. ನೋಡುವವರಿಗೆ ಅದೊಂದು ಜಾತ್ರೆ. ರಿಪೇರಿ ಮಾಡುವವರಿಗೆ ಮಾತ್ರ ತಲೆಬೇನೆ. ಬಣ್ಣ ಬೇರೆಯಾದರೆ ಬಳಿದು ಒಂದು ಮಾಡಬಹುದು; ಒಳಗಿನ ಯಂತ್ರಗಳು ಬೇರೆಯಾದರೆ ಏನು ಮಾಡುವುದು?

ಎಲ್ಲ ಬೋಗಿಗಳಿಗೂ ಸಮಾನವಾಗಿದ್ದ ಅಂಶವೊಂದಿತ್ತು: ಚಳಿಗಾಲದಲ್ಲಿ ಅವನ್ನು ಉಗಿಯಿಂದ ಬೆಚ್ಚಗಿಡುತ್ತಿದ್ದರು. ಉಗಿಯ ಎಂಜಿನ್ನುಗಳ ಕಾಲದಲ್ಲಿ ಇದಕ್ಕಿಂತ ಸುಲಭವಾದ ಉಪಾಯ ಬೇರೆ ಇರಲಿಲ್ಲ. ಕುದಿಯುವ ನೀರನ್ನು ಉಗಿಯಾಗಿಸಲು ಪ್ರತಿಯೊಂದು ಗ್ರಾಮಿಗೂ ಸುಮಾರು 540 ಕೆಲೊರಿ ಶಾಖವನ್ನು ಕೊಡಬೇಕು. ಈ ಶಾಖ ಎಲ್ಲಿಯೂ ಕಳೆದುಹೋಗುವುದಿಲ್ಲ. ಉಗಿ ಮತ್ತೆ ನೀರಾಗುವಾಗ ಅಷ್ಟನ್ನೂ ಹಿಂದಕ್ಕೆ ಕೊಡುತ್ತದೆ. ಇದನ್ನೇ ಗುಪ್ತೋಷ್ಣವೆನ್ನುತ್ತೇವೆ. ಅದೇ ಒಂದು ಗ್ರಾಂ ನೀರು ಕುದಿಬಿಂದುವಿನಿಂದ 20 ಡಿಗ್ರಿಗೆ ಆರುವಾಗ ಕೊಡುವುದು 80 ಕೆಲೊರಿ ಮಾತ್ರ. ಆದ್ದರಿಂದ ಸಣ್ಣ ಕೊಳವೆಯೊಳಗೆ ಬಹಳ ಶಾಖವನ್ನು ಸಾಗಿಸಬೇಕಾದರೆ ಉಗಿಯೇ ಉತ್ತಮ.

ಆದರೆ ಡೀಸೆಲ್ ಎಂಜಿನ್ನಿನಲ್ಲಿ ಉಗಿಯೆಲ್ಲಿ? ಬೋಗಿಗಳ ಸಲುವಾಗಿಯೇ ಎಂಜಿನ್ನಿನಲ್ಲಿ ಪ್ರತ್ಯೇಕವಾದ ಒಂದು ಕುದಿಪಾತ್ರೆಯನ್ನೂ ನೀರಿನ ತೊಟ್ಟಿಯನ್ನೂ ಹೊತ್ತುಕೊಂಡು ಹೋಗಬೇಕಾಯಿತು. ಅಲ್ಲಿ ಹುಟ್ಟಿದ ಉಗಿ ಬೋಗಿಯಿಂದ ಬೋಗಿಗೆ ಕೂಡುಕೊಳವೆಗಳ ಮೂಲಕ ಹರಿಯುತ್ತ, ದಾರಿಯುದ್ದಕ್ಕೂ ಒತ್ತಡವನ್ನು ಕಳೆದುಕೊಳ್ಳುತ್ತ ಸಾಗುತ್ತಿತ್ತು. ಮೊದಲ ಬೋಗಿಯವರು ಬೆವರುತ್ತಿರುವಾಗ ಕೊನೆಯ ಬೋಗಿಯವರು ಕಂಬಳಿ ಹುಡುಕಬೇಕಾದ ಪರಿಸ್ಥಿತಿ! ಕುದಿಪಾತ್ರೆ ಕೆಟ್ಟರಂತೂ ಕೇಳುವುದೇ ಬೇಡ. ಕೊಳವೆಗಳಲ್ಲಿ ಉಳಿದ ನೀರು ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟುವಾಗ ಅದರ ಗಾತ್ರ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಕೊಳವೆ ಒಡೆಯುತ್ತದೆ. ಒಮ್ಮೆ ಒಡೆದ ಕೊಳವೆಗೆ ಮತ್ತೆ ಉಗಿಯನ್ನು ಬಿಟ್ಟು ಪ್ರಯೋಜನವಿಲ್ಲ. 1976-77ರ ಚಳಿಗಾಲದಲ್ಲಿ ಇದು ನಡೆದೇ ಹೋಯಿತು. ಕಡುಚಳಿಯಲ್ಲಿ ಬೋಗಿಗಳು ಸಾಲುಸಾಲಾಗಿ ನಿರುಪಯುಕ್ತವಾದವು. ಷಿಕಾಗೋದಿಂದ ಹೊರಡಬೇಕಾಗಿದ್ದ ಹಲವು ರೈಲುಗಳನ್ನು ರದ್ದುಪಡಿಸಬೇಕಾಯಿತು. ರೈಲು ಹೆಚ್ಚಾಗಿ ಬೇಕಾಗುವುದು ರಸ್ತೆಗಳು ಹಿಮದಲ್ಲಿ ಮುಚ್ಚಿಹೋದಾಗಲೇ ಎಂಬುದನ್ನು ನೆನೆದರೆ ಪ್ರಯಾಣಿಕರ ಬವಣೆ ನಮಗೆ ಅರ್ಥವಾಗುತ್ತದೆ.

ಬೇಸಗೆಯ ಏರ್ಪಾಡು ಇನ್ನೂ ವಿಚಿತ್ರ. ಕೆಲವು ಬೋಗಿಗಳ ಅಡಿಯಲ್ಲಿ ಪ್ರೊಪೇನ್ ಅನಿಲವನ್ನು ಉರಿಸುವ ಪುಟ್ಟ ಎಂಜಿನ್ನು. ಕೆಲವಕ್ಕೆ ಬ್ಯಾಟರಿಯ ವಿದ್ಯುತ್ತು. ಸಾಂಟಾ ಫೆ ಕಂಪೆನಿಯ ಅನೇಕ ಬೋಗಿಗಳಲ್ಲಂತೂ ಬಿಸಿ ಉಗಿಯಿಂದಲೇ ತಂಪು! ಇದು ಹಾಸ್ಯವಲ್ಲ. ಕಿರಿದಾದ ಮೂತಿಯಿಂದ ವೇಗವಾಗಿ ಹೊಮ್ಮುವ ಉಗಿಯ ಧಾರೆ ಪಕ್ಕದ ಮುಚ್ಚಿದ ಪಾತ್ರೆಯೊಳಗಿನ ಆವಿಯನ್ನು ತನ್ನೊಡನೆ ಎಳೆದೊಯ್ಯುತ್ತದೆ. ಪಾತ್ರೆಯೊಳಗೆ ಒತ್ತಡ ಕುಗ್ಗುತ್ತದೆ. ಒತ್ತಡ ಕುಗ್ಗಿದರೆ ನೀರು ತಣ್ಣಗಿರುವಾಗಲೇ ಕುದಿಯತೊಡಗುತ್ತದೆಯೆಂಬುದು ವಾಚಕರಿಗೆ ತಿಳಿದದ್ದೇ. ಕುದಿಯಲು ಬೇಕಾದ ಗುಪ್ತೋಷ್ಣವನ್ನು ಉಳಿದ ನೀರಿನಿಂದಲೇ ಕಿತ್ತುಕೊಳ್ಳುವುದರಿಂದ ಆ ನೀರು ಇನ್ನಷ್ಟು ತಣ್ಣಗಾಗುತ್ತದೆ. ಅದನ್ನು ಕೊಳವೆಗಳಲ್ಲಿ ಹರಿಸಿ ಬೋಗಿಯ ಗಾಳಿಯನ್ನು ತಂಪುಗೊಳಿಸುತ್ತಾರೆ. ಜಾಣ ಉಪಾಯವೇ ಸರಿ. ಆದರೆ ಉಗಿಯಿಲ್ಲದ ಎಂಜಿನ್ನಿಗೆ ಈ ಬೋಗಿಯನ್ನು ಕಟ್ಟಿದರೆ ಜಾಣತನವೆಲ್ಲ ವ್ಯರ್ಥ.

ದೀಪಗಳ ಕಥೆಯೂ ಹೀಗೆಯೇ. ಪ್ರತಿ ಬೋಗಿಯೂ ತನ್ನ ಅಚ್ಚಿನಿಂದ ತಿರುಗುವ ಜನಕಯಂತ್ರವನ್ನೂ ಬ್ಯಾಟರಿಗಳನ್ನೂ ಹೊತ್ತುಕೊಂಡಿತ್ತು. ಒಂದರಲ್ಲಿ 32 ವೋಲ್ಟು, ಇನ್ನೊಂದರಲ್ಲಿ 64, ಮತ್ತೊಂದರಲ್ಲಿ 110. ನಮ್ಮ ದೇಶದ ಹಳೆಯ ಮಾದರಿಯ ಬೋಗಿಗಳ ಅಡಿಯಲ್ಲಿ ಪಟ್ಟಿಯಿಂದ ತಿರುಗುವ ಯಂತ್ರವನ್ನು ಕಂಡವರಿಗೆ ಈ ಪದ್ಧತಿ ಹೊಸದೆನಿಸದು. 

ಪರಿಹಾರ ಒಂದೇ ಇತ್ತು: ಉಗಿಯನ್ನು ಸಂಪೂರ್ಣವಾಗಿ ಕೈಬಿಟ್ಟು ಎಲ್ಲ ಕೆಲಸಗಳಿಗೂ ಎಂಜಿನ್ನಿನಿಂದಲೇ ವಿದ್ಯುತ್ತನ್ನು ಸರಬರಾಜು ಮಾಡುವುದು. ಗೊತ್ತುಪಡಿಸಿದ ಪ್ರಮಾಣ 480 ವೋಲ್ಟು, ಮೂರು ಹಂತಗಳ ಪರ್ಯಾಯ ಪ್ರವಾಹ, ಸೆಕೆಂಡಿಗೆ 60 ಆವರ್ತಗಳು. ಇಷ್ಟು ಹೆಚ್ಚಿನ ವೋಲ್ಟೇಜು ಏತಕ್ಕೆ? 10 ಕಿಲೋವಾಟ್ ಶಕ್ತಿಯನ್ನು 32 ವೋಲ್ಟಿನಲ್ಲಿ ಕಳುಹಿಸಬೇಕಾದರೆ 300 ಆಂಪಿಯರಿಗೂ ಮಿಕ್ಕಿದ ಪ್ರವಾಹ ಬೇಕು. ವೋಲ್ಟೇಜನ್ನು ಹದಿನೈದು ಪಟ್ಟು ಮಾಡಿದರೆ ಪ್ರವಾಹ ಹದಿನೈದರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಸಾರವಾಗಿರುವುದರಿಂದ ಅದೇ ತಂತಿಯಲ್ಲಿ ಆಗುವ ನಷ್ಟ 225ರಲ್ಲೊಂದು ಭಾಗವಾಗುತ್ತದೆ. ಕೊನೆಯ ಬೋಗಿಗೂ ಮೊದಲ ಬೋಗಿಗೂ ಇನ್ನು ಭೇದವಿಲ್ಲ. 1976ರಿಂದ ಬಂದ ಎಫ್-40 ಎಂಜಿನ್ನುಗಳು ಈ ವಿದ್ಯುತ್ತನ್ನು ತಮ್ಮ ಮುಖ್ಯ ಯಂತ್ರದಿಂದಲೇ ಒದಗಿಸಿದವು. ಆವರ್ತಗಳ ಸಂಖ್ಯೆ ಬದಲಾಗಬಾರದಾದುದರಿಂದ ನಿಲ್ದಾಣದಲ್ಲಿ ನಿಂತಾಗಲೂ ಆ ಯಂತ್ರ ಪೂರ್ಣವೇಗದಲ್ಲಿ ಆರ್ಭಟಿಸುತ್ತಿರಬೇಕಾಗಿತ್ತು! ನಮ್ಮ ರೈಲ್ವೆಯೂ ಇತ್ತೀಚೆಗೆ ಇದೇ ತತ್ವವನ್ನು ಅನುಸರಿಸಿ, ಎಲ್‌ಎಚ್‌ಬಿ ಬೋಗಿಗಳ ಅನೇಕ ರೈಲುಗಳಿಗೆ ವಿದ್ಯುತ್ ಎಂಜಿನ್ನಿನಿಂದ 750 ವೋಲ್ಟಿನಲ್ಲಿ ಶಕ್ತಿಯನ್ನು ಕೊಡುತ್ತಿದೆ.

ಆದರೆ ಹಳೆಯ ಬೋಗಿಯೊಂದರ ಕರುಳನ್ನೆಲ್ಲ ಕಿತ್ತು ಹೊಸದನ್ನು ಜೋಡಿಸುವ ವೆಚ್ಚವನ್ನು ಮಾಡಬೇಕಾದರೆ ಅದರ ಒಡಲು ಇನ್ನೂ ಹಲವು ವರ್ಷ ಬಾಳುವಂತಿರಬೇಕಷ್ಟೆ. ಇಂಡಿಯಾನಾ ಪ್ರಾಂತದ ಬೀಚ್ ಗ್ರೋವ್ ಕಾರ್ಖಾನೆಯಲ್ಲಿ ಈ ಕೆಲಸ ನಡೆದಾಗ ನೂರಾರು ಬೋಗಿಗಳು ಮರುಹುಟ್ಟು ಪಡೆದವು. ಅವುಗಳಲ್ಲಿ ಹೆಚ್ಚಿನವು ಫಿಲಡೆಲ್ಫಿಯದ ಬಡ್ ಕಂಪೆನಿ ಕಟ್ಟಿದ ಬೋಗಿಗಳು. ನಮ್ಮ ಅಭಿಪ್ರಾಯದಲ್ಲಿ ಇಡೀ ವೃತ್ತಾಂತದ ಸ್ವಾರಸ್ಯವಿರುವುದು ಇಲ್ಲಿಯೇ.

ಬಡ್ ಕಂಪೆನಿಯವರು ಬೋಗಿಯ ಒಡಲನ್ನು ಸ್ಟೇನ್‌ಲೆಸ್ ಉಕ್ಕಿನಿಂದಲೇ ಕಟ್ಟುತ್ತಿದ್ದರು. ನಮ್ಮ ಅಡಿಗೆಮನೆಯ ಲೋಟ ತಟ್ಟೆಗಳಂತೆ ಇದರಲ್ಲಿಯೂ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್. ಕ್ರೋಮಿಯಂ ಆಮ್ಲಜನಕದೊಡನೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯನ್ನು ಹೊದಿಸುತ್ತದೆ. ಗೀರಿದರೆ ಪೊರೆ ತಾನೇ ಮತ್ತೆ ಮೂಡುತ್ತದೆ. ತೊಡಕಿದ್ದುದು ಬೆಸುಗೆಯಲ್ಲಿ. ಈ ಉಕ್ಕನ್ನು ಸುಮಾರು 450ರಿಂದ 850 ಡಿಗ್ರಿಗಳ ನಡುವೆ ಹೆಚ್ಚು ಹೊತ್ತು ಇಟ್ಟರೆ ಅದರಲ್ಲಿರುವ ಸ್ವಲ್ಪ ಇಂಗಾಲವು ಕ್ರೋಮಿಯಮ್ಮನ್ನು ಹಿಡಿದುಕೊಂಡು ಲೋಹದ ಕಣಗಳ ಅಂಚುಗಳಲ್ಲಿ ಕೂಡುತ್ತದೆ. ಸುತ್ತಲಿನ ಲೋಹಕ್ಕೆ ಕ್ರೋಮಿಯಂ ಸಾಲದೆ ಅಲ್ಲಿ ತುಕ್ಕು ನುಗ್ಗುತ್ತದೆ. ಹಾಗಾದರೆ ಬೆಸೆಯುವುದೆಂತು? ಬಡ್ ಕಂಪೆನಿಯ ಎಂಜಿನಿಯರ್ ಅರ್ಲ್ ರಾಗ್ಸ್‌ಡೇಲ್ ಅದಕ್ಕೆ ದಾರಿ ಕಂಡುಹಿಡಿದನು. ಎರಡು ಹಾಳೆಗಳನ್ನು ತಾಮ್ರದ ತುದಿಗಳ ನಡುವೆ ಒತ್ತಿಹಿಡಿದು ಸೆಕೆಂಡಿನ ಸಣ್ಣದೊಂದು ಭಾಗದ ಹೊತ್ತು ಮಾತ್ರ ಪ್ರಬಲವಾದ ಪ್ರವಾಹವನ್ನು ಹರಿಸುವುದು. ಈ ಉಕ್ಕಿನ ವಿದ್ಯುತ್ ರೋಧ ತಾಮ್ರದ್ದಕ್ಕಿಂತ ಸುಮಾರು 40 ಪಟ್ಟು ಹೆಚ್ಚಾದುದರಿಂದ ಶಾಖ ಹುಟ್ಟುವುದು ಉಕ್ಕಿನಲ್ಲಿಯೇ. ಹಾಳೆಗಳು ಕೂಡುವ ಎಡೆಯಲ್ಲಿ ಲೋಹ ಕರಗಿ ಒಂದಾಗುತ್ತದೆ. ಇಂಗಾಲವು ಕ್ರೋಮಿಯಮ್ಮಿನೊಡನೆ ಸೇರಲು ಸಮಯ ಸಿಗುವ ಮೊದಲೇ ತಣ್ಣಗಾಗುತ್ತದೆ. 1934ರ ಮೇ 26ರಂದು ಹೀಗೆ ಕಟ್ಟಿದ ಜೆಫಿರ್ ಎಂಬ ರೈಲು ಡೆನ್ವರಿನಿಂದ ಷಿಕಾಗೋದವರೆಗಿನ 1,015 ಮೈಲಿಗಳನ್ನು 13 ಗಂಟೆ 5 ನಿಮಿಷಗಳಲ್ಲಿ ಓಡಿತು. ಅದು ಇಂದಿಗೂ ಷಿಕಾಗೋದ ವಸ್ತುಸಂಗ್ರಹಾಲಯದಲ್ಲಿದೆ.

ಪ್ರತಿಸ್ಪರ್ಧಿಯಾದ ಪುಲ್‌ಮನ್-ಸ್ಟ್ಯಾಂಡರ್ಡ್ ಕಂಪೆನಿಯ ಅನೇಕ ಬೋಗಿಗಳು ಸಾಮಾನ್ಯ ಉಕ್ಕಿನ ಒಡಲಿಗೆ ಸ್ಟೇನ್‌ಲೆಸ್ ತಗಡನ್ನು ಹೊದಿಸಿದವು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಕಾಲಕ್ರಮದಲ್ಲಿ ತಗಡಿಗೂ ಒಡಲಿಗೂ ನಡುವೆ ನೀರು ಸೇರಿ, ಹೊಳೆಯುವ ಹೊದಿಕೆಯ ಹಿಂದೆ ಯಾರ ಕಣ್ಣಿಗೂ ಬೀಳದೆ ತುಕ್ಕು ಬೆಳೆಯಿತು. ಮುಟ್ಟಿ ನೋಡುವ ಹೊತ್ತಿಗೆ ಬುಡ ಕರಗಿಹೋಗಿತ್ತು.

ಉಳಿದವುಗಳಿಗೂ ಒಂದೊಂದಾಗಿ ಕೊನೆ ಬಂದಿತು. ಹಳಿಗಳ ಮೇಲೆಯೇ ವಿಸರ್ಜಿಸುತ್ತಿದ್ದ ಕಕ್ಕಸುಗಳ ದೆಸೆಯಿಂದ ಮಲಗುವ ಬೋಗಿಗಳು 1990ರ ದಶಕದಲ್ಲಿ ಹಿಂದೆಸರಿದವು. ಕಕ್ಕಸೇ ಇಲ್ಲದ ಊಟದ ಬೋಗಿಗಳು 2010ರ ದಶಕದವರೆಗೂ ದುಡಿದವು. 1956ರಲ್ಲಿ ಸಾಂಟಾ ಫೆ ಕಂಪೆನಿಗಾಗಿ ಕಟ್ಟಿದ ಎರಡಂತಸ್ತಿನ ವಿಶ್ರಾಂತಿ ಬೋಗಿಗಳು ಪಶ್ಚಿಮ ಕರಾವಳಿಯ ರೈಲಿನಲ್ಲಿ 2018ರ ಫೆಬ್ರವರಿಯವರೆಗೆ ಓಡಿದವು. 1979ರಲ್ಲಿ ಬಂದ ಆಮ್‌ಟ್ರ್ಯಾಕಿನ ಎರಡಂತಸ್ತಿನ ಹೊಸ ಬೋಗಿಗಳಿಗೆ ಮಾದರಿಯಾದುದು ಈ ವಂಶವೇ.

ನೆರೆಯ ಕೆನಡಾದಲ್ಲಿ ಇನ್ನೊಂದು ದಾಯಭಾಗ ನಡೆಯಿತು. 1954-55ರಲ್ಲಿ ಕೆನಡಿಯನ್ ಪೆಸಿಫಿಕ್ ಕಂಪೆನಿಗಾಗಿ ಬಡ್ ಕಾರ್ಖಾನೆ ಕಟ್ಟಿಕೊಟ್ಟ 173 ಬೋಗಿಗಳ ಪೈಕಿ ಬಹುಪಾಲು 1978ರಲ್ಲಿ ಆ ದೇಶದ ವಿಯಾ ರೈಲು ಸಂಸ್ಥೆಯ ಕೈಗೆ ಬಂದವು. 1990ರ ದಶಕದ ಆರಂಭದಲ್ಲಿ ಅವಕ್ಕೂ ಉಗಿಯನ್ನು ತೆಗೆದು ವಿದ್ಯುತ್ತನ್ನು ಅಳವಡಿಸಿದರು. ಟೊರಾಂಟೋದಿಂದ ವ್ಯಾಂಕೂವರಿಗೆ ಹೋಗುವ ಪ್ರಯಾಣಿಕರು ಇಂದಿಗೂ ಅವುಗಳಲ್ಲಿಯೇ ಮಲಗುತ್ತಾರೆ. ಆದರೆ ಸ್ಟೇನ್‌ಲೆಸ್ ಎಂದರೆ ಕಲೆ ಹಿಡಿಯದ್ದೆಂದು ಅರ್ಥವೇ ಹೊರತು ಚಿರಂಜೀವಿಯೆಂದಲ್ಲ. ಇಂಥ ಬೋಗಿಗಳಲ್ಲಿಯೂ ಕೊಂಡಿಯ ಎಳೆತವನ್ನು ತಾಳಿಕೊಳ್ಳುವ ತುದಿಯ ಅಡಿಗಟ್ಟು ಬೇರೆ ಉಕ್ಕಿನದು. ಹಾಳೆಗಳ ಹಿಂದೆ ಅಡಗಿರುವುದನ್ನು ತಿಳಿಯಬೇಕಾದರೆ ಬೋಗಿಯನ್ನೇ ಬಿಚ್ಚಬೇಕು. ಕೆಲವು ಬೋಗಿಗಳನ್ನು ಹಾಗೆ ಬಿಚ್ಚಿ ಪರೀಕ್ಷಿಸಿದ ತರುವಾಯ 2022ರ ಅಕ್ಟೋಬರಿನಲ್ಲಿ ಆ ಸಂಸ್ಥೆಯು ಮುನ್ನೆಚ್ಚರಿಕೆಗೆಂದು ಈ ರೈಲುಗಳ ತುದಿಗಳಲ್ಲಿ ಪ್ರಯಾಣಿಕರಿಲ್ಲದ ಬೋಗಿಗಳನ್ನು ಜೋಡಿಸತೊಡಗಿತು. ಅಪಘಾತವೇನಾದರೂ ಸಂಭವಿಸಿದರೆ ಮೊದಲ ಪೆಟ್ಟು ಆ ಖಾಲಿ ಬೋಗಿಗಳ ಮೇಲೆ ಬೀಳಲೆಂಬುದು ಅದರ ಉದ್ದೇಶ.